ಶಿವಮಲ್ಲಪ್ಪನವರ ನಾಲ್ಕು ಫೈಲುಗಳು

ಹೋದ ತಿಂಗಳು ಪಿರಿಯಾಪಟ್ಟಣದ ಕೋರ್ಟಿನಲ್ಲಿ ಕೆಲಸ ಮುಗಿಸಿಕೊಂಡು ಬಸ್ಸಿನಲ್ಲಿ ಹುಣಸೂರಿನ ಕಡೆಗೆ ಬರುತ್ತಿದ್ದೆ. ಸೋನೆ ಹಿಡಿದಿತ್ತು. ಕಿಟಕಿಯ ಗಾಜು ಮುಚ್ಚಿದ್ದರೂ ಎಲ್ಲಿಂದಲೋ ಹೊಗೆಸೊಪ್ಪು ಬೇಯುವ ವಾಸನೆ ಒಳಗೆ ನುಗ್ಗಿತು. ಬೆಲ್ಲ ಸೀದಂತೆ, ಒದ್ದೆ ಹುಲ್ಲು ಕಾವಿಗೆ ಬಿದ್ದಂತೆ ಇರುವ ವಾಸನೆ. ಪಕ್ಕದ ಸೀಟಿನಲ್ಲಿದ್ದ ಹೆಂಗಸು, "ಬ್ಯಾರನ್ ಹಚ್ಚವ್ರೆ, ಈ ಸಲ ಸೊಪ್ಪು ಚೆನ್ನಾಗದೆ" ಎಂದು ತನ್ನಷ್ಟಕ್ಕೆ ಹೇಳಿಕೊಂಡರು. ನಾನು ಎದ್ದು ಬಾಗಿಲ ಬಳಿಗೆ ಹೋದೆ. ಮುಂದಿನ ನಿಲ್ದಾಣದಲ್ಲಿ ಇಳಿದು, ಮಳೆಯಲ್ಲೇ ನಿಂತು, ಇನ್ನೊಂದು ಬಸ್ಸಿಗೆ ಕಾದೆ.

ಆರು ವರ್ಷದ ಹಿಂದೆ, ಇಂಥದೇ ಮಳೆಗಾಲದಲ್ಲಿ, ನಾನು ಹುಣಸೂರಿನ ಹಿರಿಯ ವಕೀಲರೊಬ್ಬರ ಆಫೀಸಿಗೆ ಜೂನಿಯರ್ ಆಗಿ ಸೇರಿದೆ. ನನ್ನದು ಕೆ.ಆರ್. ನಗರದ ಭತ್ತದ ಬಯಲು. ನಾಲೆ, ಗದ್ದೆ, ಕಬ್ಬು ಗೊತ್ತಿತ್ತೇ ಹೊರತು ಹೊಗೆಸೊಪ್ಪಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಹೊಲಗಳ ನಡುವೆ ಕಿಟಕಿಯಿಲ್ಲದೆ ಎತ್ತರಕ್ಕೆ ನಿಂತ ಆ ಮನೆಗಳನ್ನು ಬ್ಯಾರನ್ ಎನ್ನುತ್ತಾರೆ, ಕಡ್ಡಿಗೆ ಕಟ್ಟಿದ ಸೊಪ್ಪನ್ನು ಅದರೊಳಗೆ ನೇತುಹಾಕಿ ಐದಾರು ದಿನ ಹದವಾಗಿ ಬೆಂಕಿ ಕೊಡುತ್ತಾರೆ ಎಂಬುದನ್ನೂ ಅಲ್ಲಿಗೆ ಬಂದ ಮೇಲೆ ಕೇಳಿ ತಿಳಿದದ್ದು. ಅದೂ ಅರ್ಧಂಬರ್ಧ.

ಸೇರಿದ ಮೊದಲ ವಾರದಲ್ಲೇ ಶಿವಮಲ್ಲಪ್ಪನವರ ಪರಿಚಯವಾಯಿತು. ಅರವತ್ತು ದಾಟಿದ, ಸಣಕಲು ಮನುಷ್ಯ. ಹಣೆಗೆ ಅಡ್ಡಲಾಗಿ ವಿಭೂತಿ, ತೊಳೆದು ತೊಳೆದು ನೀಲಿಗೆ ತಿರುಗಿದ ಬಿಳಿ ಶರ್ಟು, ಗೊಬ್ಬರದಂಗಡಿಯವರು ಕೊಟ್ಟ ಕೈಚೀಲ. ಚೀಲದಲ್ಲಿ ನಾಲ್ಕು ಫೈಲು. ಒಂದೊಂದಕ್ಕೂ ಬೇರೆ ಬೇರೆ ಬಣ್ಣದ ಬಟ್ಟೆಯ ದಾರ. ಕೆಂಪು ಹುಣಸೂರು, ಹಸಿರು ಪಿರಿಯಾಪಟ್ಟಣ, ನೀಲಿ ಕೆ.ಆರ್. ನಗರ, ಹಳದಿ ಎಚ್.ಡಿ. ಕೋಟೆ. ಹೆಂಡತಿಯ ಹಳೇ ಸೀರೆಗಳ ಅಂಚಿನಿಂದ ಹರಿದ ದಾರಗಳು ಎಂದು ಅವರೇ ಹೇಳಿದ್ದರು.

ನಾಲ್ಕು ಊರಲ್ಲಿ ನಾಲ್ಕು ಕೇಸು, ನಾಲ್ಕನ್ನೂ ನಡೆಸುತ್ತಿದ್ದದ್ದು ನಮ್ಮ ಆಫೀಸೇ. ಹುಣಸೂರಿನಲ್ಲಿ, ತಂದೆಯ ಜಮೀನಿನಲ್ಲಿ ಪಾಲು ಕೊಡಬೇಕೆಂದು ತಂಗಿ ನಂಜಮ್ಮಣ್ಣಿ ಇವರ ಮೇಲೆ ಹೂಡಿದ್ದ ದಾವೆ. ಪಿರಿಯಾಪಟ್ಟಣದಲ್ಲಿ, ಹೆಂಡತಿಯ ಕಡೆಯಿಂದ ಬಂದ ಹೊಲಕ್ಕೆ ಹೋಗುವ ಗಾಡಿದಾರಿಗೆ ಪಕ್ಕದವನು ಮುಳ್ಳುಬೇಲಿ ಹಾಕಿದ್ದ ತಕರಾರು. ಕೆ.ಆರ್. ನಗರದಲ್ಲಿ ಇವರೇ ಆರೋಪಿ. ಯಾರದೋ ಸುಳ್ಳು ಉಯಿಲಿಗೆ ಸಾಕ್ಷಿ ಸಹಿ ಹಾಕಿದ್ದಾರೆಂಬ ದೂರು. ಎಚ್.ಡಿ. ಕೋಟೆಯಲ್ಲಿ, ಕೆರೆಯ ಮಣ್ಣನ್ನು ಟಿಪ್ಪರುಗಳಲ್ಲಿ ತುಂಬಿಕೊಂಡು ಹೋಗುತ್ತಿದ್ದವರ ಮೇಲೆ ಇವರು ಕೊಟ್ಟ ದೂರು. ಒಳ್ಳೆಯವರು ಅಂತ ನಾನು ಹೇಳಲಾರೆ. ಉಯಿಲಿನ ಸಹಿ ಅವರದೇ ಇತ್ತು, ಅದನ್ನು ಯಾಕೆ ಹಾಕಿದರೆಂದು ನಮಗೂ ಸರಿಯಾಗಿ ಹೇಳಲಿಲ್ಲ. ತಂಗಿಗೆ ಪಾಲು ಕೊಡುವುದು ಕಾನೂನು ಅಂತ ಗೊತ್ತಿದ್ದೂ ವಾಯಿದೆಯ ಮೇಲೆ ವಾಯಿದೆ ಕೇಳುತ್ತಿದ್ದರು.

ಒಂದು ದಿನ ಕೇಳಿಯೇಬಿಟ್ಟೆ. "ರಾಜಿ ಮಾಡಿಕೊಂಡ್ರೆ ಒಂದಾದ್ರೂ ಮುಗಿಯುತ್ತಲ್ಲ, ನಿಮಗ್ಯಾಕೆ ಈ ವಯಸ್ಸಲ್ಲಿ ಇಷ್ಟು ಅಲೆದಾಟ?"

ಅವರು ಕಾರಿಡಾರಿನ ಬೆಂಚಿನ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದರು. "ಮನೇಲಿ ನನ್ನ ಯಾರವ್ವಾ ಮಾತಾಡ್ಸರು? ಇಲ್ಲಿ ನೋಡು, ನನ್ನೆಸ್ರ ಮೂರ್ ಸಲ ಕೂಗ್ತಾರೆ" ಎಂದರು. ನಗೆಯಾಡುತ್ತಿದ್ದಾರೆ ಅಂದುಕೊಂಡೆ. ಅಷ್ಟರಲ್ಲಿ ಒಳಗಿಂದ ಜವಾನ ಕೂಗಿದ. ಅವರು ಮೊದಲನೇ ಕೂಗಿಗೆ ಏಳಲಿಲ್ಲ, ಎರಡನೆಯದಕ್ಕೂ ಏಳಲಿಲ್ಲ. ಮೂರನೆಯದು ಮುಗಿದ ಮೇಲೆ ಶರ್ಟಿನ ಗುಂಡಿ ಸರಿಮಾಡಿಕೊಂಡು, "ಬಂದೆ ಸ್ವಾಮಿ" ಅಂತ ಎದ್ದು ಹೋದರು.

ಅದೇ ದಿನ ಮಧ್ಯಾಹ್ನ ನಡೆದದ್ದನ್ನು ನಾನು ಮುಂದೆ ನೂರಾರು ಸಲ ನೆನಪು ಮಾಡಿಕೊಂಡಿದ್ದೇನೆ. ಪಾಲಿನ ದಾವೆಯಲ್ಲಿ ಮತ್ತೆ ವಾಯಿದೆ ಬಿತ್ತು. ತಂಗಿಯ ಪರವಾಗಿ ಓಡಾಡುತ್ತಿದ್ದವನು ಅವಳ ಮಗ ಲೋಕೇಶ. ಮೂವತ್ತರ ಆಸುಪಾಸಿನ, ಹೊಗೆಸೊಪ್ಪಿನ ಅಂಟಿನಿಂದ ಬೆರಳುಗಳು ಕಪ್ಪಾಗಿದ್ದ ರೈತ. ಹೊರಗೆ ಬಂದವನೇ ಸೋದರಮಾವನ ಪಕ್ಕದಲ್ಲಿ ಬೆಂಚಿನ ಮೇಲೆ ಕುಸಿದು ಕೂತ. ನಾನು ಎರಡು ಮಾರು ದೂರದಲ್ಲಿ ಫೈಲು ಜೋಡಿಸುತ್ತಿದ್ದೆ.

"ನೀನೋ ನಾನೋ ಸತ್ತ್ ಮೇಲೇ ಕಣ್ ಮಾವ, ಈ ಕೇಸು ಮುಗ್ಯದು" ಎಂದ.

ಶಿವಮಲ್ಲಪ್ಪನವರು ಚೀಲದಿಂದ ಎಲೆಅಡಿಕೆ ತೆಗೆದು ಅವನಿಗೊಂದು ಎಲೆ ಕೊಟ್ಟರು. ಅವನು ತೆಗೆದುಕೊಂಡ. ಇಬ್ಬರೂ ಒಂದೇ ಬಸ್ಸಿಗೆ ಹೋದರು, ಒಂದೇ ಊರಿನವರಲ್ಲವೇ.

ಹತ್ತು ದಿನ ಕಳೆದಿತ್ತು. ಬೆಳಿಗ್ಗೆ ಆಫೀಸಿನ ಬೀಗ ತೆಗೆಯುತ್ತಿದ್ದಾಗ ಸೀನಿಯರ್ ಫೋನು ಮಾಡಿದರು. ಹಳ್ಳಿಯಿಂದ ದೊಡ್ಡ ರಸ್ತೆಗೆ ಬರುವ ದಾರಿಯಲ್ಲಿ, ಹೊಂಗೆಮರದ ಪಕ್ಕದ ಮೋರಿಯ ಬಳಿ ಶಿವಮಲ್ಲಪ್ಪನವರ ಹೆಣ ಸಿಕ್ಕಿತ್ತು. ತಲೆಯ ಹಿಂಭಾಗಕ್ಕೆ ಬಲವಾದ ಏಟು. ಬೆಳಗಿನ ಮೊದಲ ಬಸ್ಸು ಹಿಡಿಯಲು ಹೊರಟಿದ್ದರಂತೆ. ಚೀಲ ಪಕ್ಕದಲ್ಲೇ ಇತ್ತು. ನಾಲ್ಕು ಫೈಲೂ ಇದ್ದವು, ಮಳೆಗೆ ನೆನೆದು ಉಬ್ಬಿದ್ದವು. ಜೇಬಿನಲ್ಲಿದ್ದದ್ದು ಜೇಬಿನಲ್ಲೇ ಇತ್ತು.

ನಾನು ಡೈರಿ ತೆಗೆದು ನೋಡಿದೆ. ಆ ದಿನ ಅವರಿಗೆ ನಾಲ್ಕು ಕೋರ್ಟುಗಳಲ್ಲಿ ಯಾವುದರಲ್ಲೂ ವಾಯಿದೆ ಇರಲಿಲ್ಲ. ಹೆಂಡತಿ ಗೌರಮ್ಮನವರಿಗೂ ಎಲ್ಲಿಗೆಂದು ಹೇಳಿರಲಿಲ್ಲ. ಮೊಬೈಲನ್ನು ಮನೆಯಲ್ಲೇ ಬಿಟ್ಟು ಹೋಗುವ ಅಭ್ಯಾಸ ಅವರಿಗೆ. ಅವತ್ತೂ ಬಿಟ್ಟು ಹೋಗಿದ್ದರು.

ಅಲ್ಲಿಂದ ಮುಂದೆ ಒಂದೆರಡು ವಾರ ಎಲ್ಲೆಲ್ಲೂ ಒಂದೇ ಮಾತು. ಯಾವ ಕೇಸು ಅವರನ್ನು ಕೊಂದಿತು? ಕೆಲಸದ ಮೇಲೆ ಎಚ್.ಡಿ. ಕೋಟೆಗೆ ಹೋದರೆ ಅಲ್ಲಿನ ಕ್ಯಾಂಟೀನಿನಲ್ಲಿ, "ಟಿಪ್ಪರ್‌ನೋರ ತಂಟೆಗ್ ವೋದ್ರೆ ಬುಟ್ಟಾರಾ?" ಎನ್ನುತ್ತಿದ್ದರು. ಹಂಪಾಪುರದ ಕಡೆಯ ಕಕ್ಷಿದಾರರೊಬ್ಬರು ಟಿಪ್ಪರಿನ ಬಣ್ಣವನ್ನೂ ಹೇಳಿದರು, ಆಮೇಲೆ ತಾನು ನೋಡಿಲ್ಲ ಎಂದರು. ಪಿರಿಯಾಪಟ್ಟಣದಲ್ಲಿ ಎಲ್ಲರಿಗೂ ಬೇಲಿ ಹಾಕಿದವನ ಮೇಲೆ ಅನುಮಾನ. ಅವನು ಎರಡು ದಿನ ಊರಲ್ಲಿರಲಿಲ್ಲವಂತೆ, ಮಗಳ ಬಾಣಂತನಕ್ಕೆ ಹೋಗಿದ್ದೆ ಅಂತ ಹೇಳಿದನಂತೆ, ಬಾಣಂತನಕ್ಕೆ ಗಂಡಸಿಗೇನು ಕೆಲಸ ಅಂತ ಇವರ ಪ್ರಶ್ನೆ. ನನ್ನ ಊರು ಕೆ.ಆರ್. ನಗರದಲ್ಲಿ ನನ್ನ ಅಪ್ಪನೇ, "ಉಯಿಲಿನ ವಿಚಾರದಲ್ಲಿ ಬಾಯಿ ಬಿಟ್ಟಾನು ಅಂತ ಮುಗ್ಸವ್ರೆ ಕಣಮ್ಮ, ಸಾಕ್ಷಿ ಸತ್ರೆ ಯಾರಿಗ್ ಲಾಭ ನೋಡು" ಎಂದರು. ಪ್ರತಿಯೊಂದು ಕಥೆಯೂ ಸರಿಯಾಗಿಯೇ ಕೂರುತ್ತಿತ್ತು. ನಾನೂ ಕೂರಿಸುತ್ತಿದ್ದೆ. ಆಫೀಸಿನ ನಕಲು ಫೈಲುಗಳೆಲ್ಲ ನನ್ನ ಕೈಯಲ್ಲೇ ಇದ್ದವಲ್ಲ. ಬಿಳಿಹಾಳೆಯ ಮೇಲೆ ನಾಲ್ಕು ಕಲಂ ಎಳೆದು, ಯಾರಿಗೆ ಏನು ದ್ವೇಷ, ಯಾರಿಗೆ ಏನು ಅನುಕೂಲ ಅಂತ ಬರೆದಿದ್ದೆ. ಇಪ್ಪತ್ತೈದು ವರ್ಷದ ಹುಡುಗಿಗೆ ಅದು ಪರೀಕ್ಷೆಯ ಪ್ರಶ್ನೆಪತ್ರಿಕೆಯ ಹಾಗೆ ಕಾಣುತ್ತಿತ್ತು. ಒಬ್ಬ ಮನುಷ್ಯ ಮೋರಿಯ ಪಕ್ಕ ಮಳೆಯಲ್ಲಿ ಬಿದ್ದಿದ್ದ ಎಂಬುದು ಮರೆತೇಹೋಗುತ್ತಿತ್ತು.

ಸಬ್ ಇನ್‌ಸ್ಪೆಕ್ಟರ್ ಆಫೀಸಿಗೆ ಬಂದರು. ವಿಜಯಪುರದ ಕಡೆಯವರು, ಈ ಸೀಮೆಗೆ ಹೊಸಬರು, ಕೆಟ್ಟವರಲ್ಲ. ಸೀನಿಯರ್ ನಾಲ್ಕು ಕೇಸುಗಳ ನಂಬರು ಬರೆದುಕೊಟ್ಟು, "ದಾಖಲೆಯಲ್ಲಿರೋದು ಇಷ್ಟು. ಇದರಾಚೆ ನಾವು ಹೇಳೋದು ಬರೀ ಊಹೆ" ಎಂದರು. ನಾನು ಅಲ್ಲಿಗೇ ಸುಮ್ಮನಿರಬಹುದಿತ್ತು.

"ಸರ್, ಅವರು ತೀರಿಕೊಳ್ಳೋ ಹತ್ತು ದಿನ ಮುಂಚೆ ಒಂದು ಮಾತು ಕೇಳಿಸ್ಕೊಂಡೆ" ಎಂದೆ.

ಹೇಳಿದೆ. ಪೂರ್ತಿಯಾಗಿಯೇ ಹೇಳಿದೆ. ಅವರು ಬರೆದುಕೊಂಡರು, ಆಮೇಲೆ ಓದಿದರು. "ನೀನು ಸತ್ತ ಮೇಲೆಯೇ ಈ ಕೇಸು ಮುಗಿಯುವುದು ಎಂದು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಬರೋಬ್ಬರಿ ಐತಲ್ರಿ ಮೇಡಂ?"

'ನಾನೋ' ಅನ್ನುವ ಮಾತು ಬಿಟ್ಟುಹೋಗಿತ್ತು. ನನಗೆ ಅದು ಕೇಳಿಸಿತು. ಕೇಳಿಸಲಿಲ್ಲ ಅಂತ ಈಗಲೂ ಹೇಳಲಾರೆ. ಒಂದು ಪದ ತಾನೇ ಅನಿಸಿತು, ಅಧಿಕಾರಿಯನ್ನು ತಿದ್ದುವುದಕ್ಕೆ ಸಂಕೋಚವಾಯಿತು. ಅದಕ್ಕಿಂತ ಹೆಚ್ಚಾಗಿ, ಊರೆಲ್ಲ ತಲೆಕೆಡಿಸಿಕೊಂಡಿರುವಾಗ ಸುಳಿವು ಸಿಕ್ಕಿದ್ದು ನನ್ನಿಂದ ಎಂಬ ಹೆಮ್ಮೆ ಮನಸ್ಸಿನೊಳಗೆ ಎದ್ದಿತ್ತು. "ಹೌದು ಸರ್" ಎಂದೆ. ಪೊಲೀಸರೆದುರಿನ ಹೇಳಿಕೆಗೆ ಸಹಿ ಬೇಕಿಲ್ಲ. ಅಷ್ಟೇ ಸಾಕಾಯಿತು.

ಮರುದಿನ ಲೋಕೇಶನನ್ನು ಹಿಡಿದರು. ಮೋರಿಯಿಂದ ಅವನ ಬ್ಯಾರನ್ನಿಗೆ ಕೂಗಿದರೆ ಕೇಳಿಸುವಷ್ಟು ದೂರ. ಬ್ಯಾರನ್ನಿನ ಬಳಿ ಸೌದೆ ಸೀಳುವ ಕೊಡಲಿ ಸಿಕ್ಕಿತು. ಯಾವ ಬ್ಯಾರನ್ನಿನ ಬಳಿ ಕೊಡಲಿ ಇರುವುದಿಲ್ಲ? ಅವತ್ತು ಬೆಳಗಿನ ಜಾವ ಎಲ್ಲಿದ್ದೆ ಎಂದರೆ, ಬೆಂಕಿಯ ಮುಂದೆ ಇದ್ದೆ ಎಂದ. ಯಾರು ನೋಡಿದರು? ತಾಯಿ. ಇನ್ಯಾರು? ಇನ್ಯಾರೂ ಇಲ್ಲ.

ಆ ಸಂಜೆ ಸೀನಿಯರ್ ಬಾಗಿಲು ಮುಂದೆ ಮಾಡಿ ನನ್ನನ್ನು ಕೂರಿಸಿಕೊಂಡರು. ಅವರು ಹುಣಸೂರಿನಲ್ಲೇ ಹುಟ್ಟಿ ಬೆಳೆದವರು, ಅವರ ಮನೆಯಲ್ಲೂ ಎರಡು ಬ್ಯಾರನ್ ಇದ್ದವು.

"ಅವನ ಬ್ಯಾರನ್ನಿಗೆ ಬೆಂಕಿ ಹಾಕಿ ಅವತ್ತಿಗೆ ಮೂರನೇ ದಿನ. ಸೊಪ್ಪು ಬಣ್ಣ ತಿರುಗೋ ಹೊತ್ತು. ಆ ಹೊತ್ತಲ್ಲಿ ನಮ್ಮೋರು ಒಂದಕ್ಕೆ ಎದ್ದು ಹೋಗೋಕ್ಕೂ ಯೋಚನೆ ಮಾಡ್ತಾರೆ. ವರ್ಷದ ಅನ್ನ ಒಳಗಿರುತ್ತೆ."

"ಹಾಗಾದ್ರೆ ನೀವು ಇನ್‌ಸ್ಪೆಕ್ಟರಿಗೆ ಹೇಳಬಹುದಿತ್ತಲ್ಲ ಸರ್?"

ಅವರು ಕನ್ನಡಕ ತೆಗೆದು ಒರೆಸಿದರು. "ನಾವು ಸತ್ತೋರ ಕಡೆ ವಕೀಲರಮ್ಮ. ಗೌರಮ್ಮ ಅವನೇ ಅಂತ ನಂಬಿದ್ದಾರೆ. ನಾನು ಹೇಗೆ ಹೇಳಲಿ?"

ಅವರು ಹೇಳಲಿಲ್ಲ. ನಾನೂ ಹೋಗಿ ತಿದ್ದಿಸಲಿಲ್ಲ. ನಾಳೆ ಹೋಗೋಣ, ನಾಡಿದ್ದು ಹೋಗೋಣ ಅಂತ ಒಂದು ವಾರ ಕಳೆಯಿತು. ಅಷ್ಟರಲ್ಲಿ ಅವನು ಮೈಸೂರಿನ ಜೈಲು ಸೇರಿದ್ದ, ಊರಲ್ಲಿ ಎಲ್ಲರೂ ತಂತಮ್ಮ ಕಥೆಗಳನ್ನು ಕೈಬಿಟ್ಟು ಇದೊಂದಕ್ಕೇ ಬಂದು ಸೇರಿದ್ದರು. ಟಿಪ್ಪರಿನವರ ವಿಚಾರ, ಬೇಲಿಯವನ ವಿಚಾರ, ಉಯಿಲಿನ ವಿಚಾರ ಕೇಳುವವರೇ ಇರಲಿಲ್ಲ.

ಲೋಕೇಶನ ತಾಯಿ ನಂಜಮ್ಮಣ್ಣಿ ನಮ್ಮ ಆಫೀಸಿಗೆ ಬಂದದ್ದು ಒಂದು ಸೋಮವಾರ. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ಕೂತರು. ಕಣ್ಣುಗಳು ಹೊಗೆಯಿಂದಲೋ ಅತ್ತೋ ಕೆಂಡವಾಗಿದ್ದವು. ಮಗನನ್ನು ಕರೆದೊಯ್ದ ಮೇಲೆ ಬ್ಯಾರನ್ನಿಗೆ ಹೊಸದಾಗಿ ಏರಿಸಿದ್ದ ಸೊಪ್ಪಿಗೆ ಅವರೊಬ್ಬರೇ ಬೆಂಕಿ ಕೊಟ್ಟರಂತೆ. ಕಾವು ಹೆಚ್ಚಾಗಿ ಸೊಪ್ಪೆಲ್ಲ ಕಪ್ಪಾಯಿತಂತೆ. ಒಂದು ಎಲೆ ತಂದಿದ್ದರು. ಮಡಿಲಿನಿಂದ ತೆಗೆದು ತೋರಿಸಿದರು, ಮುಟ್ಟಿದರೆ ಪುಡಿಯಾಗುವಂತಿತ್ತು.

"ನೀನೇ ಅಂತಲ್ಲವ್ವ ಕೇಳುಸ್ಕಂಡಿದ್ದು" ಎಂದರು.

"ಹೌದಮ್ಮ."

"ನನ್ ಮಗ ಅಂಗೇ ಅಂದ್ನಾ?"

ಎದುರು ಪಕ್ಷದವರ ಜೊತೆ ಕೇಸಿನ ಬಗ್ಗೆ ಮಾತಾಡಬಾರದು ಅಂತ ಸೀನಿಯರ್ ಹೇಳಿದ್ದು ನೆನಪಾಯಿತು. ಅದರ ಮರೆಯಲ್ಲಿ ನಿಂತುಕೊಂಡೆ. "ಕೋರ್ಟಲ್ಲಿ ಹೇಳ್ತೀನಮ್ಮ" ಎಂದೆ.

"ಕೋಲ್ಟ್‌ನಲ್ಲಿ ಯಾವಾಗ?"

ಅವರು ಎದ್ದರು. ಸೆರಗಿನಿಂದ ಮೆಟ್ಟಿಲ ಮೇಲಿನ ಎಲೆಯ ಪುಡಿಯನ್ನು ಗುಡಿಸಿದರು. "ಸತ್ತೋನು ನನ್ನಣ್ಣ ಕಣವ್ವ. ವಡುಟ್ಟಿದೋನು. ಮಣ್ ಮಾಡಕ್ ವೋದ್ರೆ ನನ್ನ ಅತ್ರುಕ್ಕೂ ಸೇರ್ಸ್‌ನಿಲ್ಲ. ಅಳಕ್ಕೂ ಬುಡ್ನಿಲ್ಲ" ಎಂದು ಹೇಳಿ ಬಸ್ ನಿಲ್ದಾಣದ ಕಡೆ ನಡೆದರು.

ಆ ತಿಂಗಳ ಕೊನೆಗೆ ಪಾಲಿನ ದಾವೆಯ ವಾಯಿದೆ ಬಂತು. ಪ್ರತಿವಾದಿ ತೀರಿಕೊಂಡಿದ್ದಾರೆಂಬ ಮೆಮೊ ನನ್ನ ಕೈಯಲ್ಲಿತ್ತು. ಆದರೆ ಜವಾನನಿಗೆ ಗೊತ್ತಿಲ್ಲ. ಅವನು ಬಾಗಿಲಿಗೆ ಬಂದು ಶಿವಮಲ್ಲಪ್ಪ, ಶಿವಮಲ್ಲಪ್ಪ, ಶಿವಮಲ್ಲಪ್ಪ ಎಂದು ಕೂಗಿದ. ನಾನು ಒಳಗೆ ಹೋಗಿ ಮೆಮೊ ಕೊಟ್ಟೆ. ವಾರಸುದಾರರನ್ನು ಸೇರಿಸಲು ನ್ಯಾಯಾಧೀಶರು ಸಮಯ ಕೊಟ್ಟರು. ಕೇಸು ಮುಂದಕ್ಕೆ ಹೋಯಿತು.

ಸುಗ್ಗಿ ಮುಗಿಯುವ ಹೊತ್ತಿಗೆ ನಾನು ಆ ಆಫೀಸು ಬಿಟ್ಟು ಕೆ.ಆರ್. ನಗರಕ್ಕೆ ವಾಪಸ್ಸು ಬಂದೆ. ಅಪ್ಪನಿಗೆ ಆರೋಗ್ಯ ಸರಿಯಿಲ್ಲ ಅಂತ ಸೀನಿಯರಿಗೆ ಹೇಳಿದೆ. ಅಪ್ಪ ಗಟ್ಟಿಮುಟ್ಟಾಗಿದ್ದರು.

ಸೆಷನ್ಸ್ ಕೋರ್ಟಿನಲ್ಲಿ ನನ್ನ ಸಾಕ್ಷಿಗೆ ಕರೆ ಬರುವ ಹೊತ್ತಿಗೆ ಒಂದೂವರೆ ವರ್ಷವಾಗಿತ್ತು. ಜಾಮೀನು ಎರಡು ಸಲ ತಿರಸ್ಕಾರವಾಗಿತ್ತು. ಕೊಡಲಿಯ ಮೇಲೆ ರಕ್ತವಿಲ್ಲ ಅಂತ ಪ್ರಯೋಗಾಲಯದ ವರದಿಯೂ ಬಂದಿತ್ತು. ಉಳಿದಿದ್ದದ್ದು ಪಾಲಿನ ಕೇಸಿನ ದ್ವೇಷ ಮತ್ತು ನಾನು ಕೇಳಿಸಿಕೊಂಡ ಮಾತು. ಕಟಕಟೆಯಲ್ಲಿ ನಿಂತು ಅವನ ಮಾತನ್ನು ಇದ್ದದ್ದು ಇದ್ದಂತೆ ಹೇಳಿದೆ. 'ನೀನೋ ನಾನೋ.' ಎಲೆಅಡಿಕೆ ಕೊಟ್ಟದ್ದನ್ನೂ ಹೇಳಿದೆ, ಒಂದೇ ಬಸ್ಸಿಗೆ ಹೋದದ್ದನ್ನೂ ಹೇಳಿದೆ. ಸರ್ಕಾರಿ ವಕೀಲರು ನನ್ನನ್ನು ಪ್ರತಿಕೂಲ ಸಾಕ್ಷಿಯೆಂದು ಪರಿಗಣಿಸಲು ಕೋರಿದರು. ಪೊಲೀಸರು ಬರೆದುಕೊಂಡ ಹೇಳಿಕೆ ಓದಿ, ಅದನ್ನು ಆಗಲೇ ಯಾಕೆ ತಿದ್ದಿಸಲಿಲ್ಲ ಎಂದು ಕೇಳಿದರು.

"ಕಾನೂನು ಓದಿದವರು ನೀವು. ಒಂದು ಪದದ ಬೆಲೆ ನಿಮಗೆ ಗೊತ್ತಿರಲಿಲ್ಲವೇ?"

"ಗೊತ್ತಿತ್ತು" ಎಂದೆ. ಲೋಕೇಶ ಆರೋಪಿಯ ಜಾಗದಲ್ಲಿ ನಿಂತು ನೆಲ ನೋಡುತ್ತಿದ್ದ. ಬೆರಳುಗಳು ಬೆಳ್ಳಗಾಗಿದ್ದವು.

ನಂಜಮ್ಮಣ್ಣಿ ಅದನ್ನು ಕೇಳಲು ಇರಲಿಲ್ಲ. ಅದಕ್ಕೆ ಎರಡು ತಿಂಗಳ ಮುಂಚೆ ಚಳಿಯಲ್ಲಿ ಜ್ವರ ಬಂದು ತೀರಿಕೊಂಡಿದ್ದರು. ಮಗನನ್ನು ಪೊಲೀಸರ ಜೊತೆ ನಾಲ್ಕು ಗಂಟೆಯ ಮಟ್ಟಿಗೆ ಕಳಿಸಿದ್ದರಂತೆ. ತಾಯಿಗೆ ಮಣ್ಣು ಹಾಕಿ ಮತ್ತೆ ವ್ಯಾನು ಹತ್ತಿದನಂತೆ.

ಮತ್ತೆ ನಾಲ್ಕು ತಿಂಗಳಿಗೆ ತೀರ್ಪು ಬಂತು. ಸಂಶಯದ ಲಾಭ ಕೊಟ್ಟು ಬಿಡುಗಡೆ. ಕೊಂದವರು ಯಾರೆಂದು ತೀರ್ಪಿನಲ್ಲಿ ಎಲ್ಲೂ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಉಳಿದ ಮೂರು ಕೇಸುಗಳನ್ನು ಯಾರೂ ಮತ್ತೆ ಬಿಚ್ಚಿ ನೋಡಲಿಲ್ಲ. ಸಬ್ ಇನ್‌ಸ್ಪೆಕ್ಟರ್ ವರ್ಗವಾಗಿ ಹೋಗಿ ಬಹಳ ದಿನವಾಗಿತ್ತು.

ಲೋಕೇಶ ಬಿಡುಗಡೆಯಾದ ಮುಂದಿನ ವಾರ ಅವನ ಊರಿಗೆ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅವನು ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿ, ತಾನೇ ಒಳಗೆ ಹೋಗಿ ಕಾಫಿ ಕಾಯಿಸಿ ತಂದ. ಹೆಂಡತಿ ತವರಿಗೆ ಹೋದವಳು ಬಂದಿರಲಿಲ್ಲ. ಬ್ಯಾರನ್ನಿನ ಒಂದು ಗೋಡೆ ಮಳೆಗೆ ಕುಸಿದಿತ್ತು.

"ನನ್ನಿಂದ ತಪ್ಪಾಯ್ತು" ಎಂದಷ್ಟೇ ಹೇಳಲಾಯಿತು.

"ನೀವೇನ್ ಸುಳ್ಳೇಳ್ನಿಲ್ವಲ್ಲ, ಬುಡಿ" ಎಂದ. ಕಾಫಿ ಲೋಟವನ್ನು ನನ್ನ ಕಡೆ ಸರಿಸಿದ. "ಒಳ್ಗೆ ಕೂತ್ಕಂಡು ನಾನೂ ಅದನ್ನೇ ಮಾಡ್ತಿದ್ದೆ ಕಣ್ ಮೇಡಂ. ಒಂದ್ ತಿಂಗ್ಳು ಟಿಪ್ಪರ್‌ನೋರೇ ಅನ್ಕಳದು. ಇನ್ನೊಂದ್ ತಿಂಗ್ಳು ಬೇಲಿ ಆಕ್ದೋನೇ ಅನ್ಕಳದು. ಅವ್ನ್ ಮುಖನೇ ನಾನ್ ನೋಡಿಲ್ಲ, ಆದ್ರೂ ಅವ್ನು ಕೊಡ್ಲಿ ಎತ್ತದು ಕಣ್ಮುಂದೆ ಬರದು. ಆಮೇಲೆ ಎದ್ರಿಕೆ ಆಯ್ತು. ಬುಟ್ಬುಟ್ಟೆ."

ಆಮೇಲೆ ನನ್ನ ಮುಖ ನೋಡಿ ಕೇಳಿದ. "ಅವತ್ತು ಮಾವ ಎಲ್ಲಿಗ್ ವೊರ್ಟಿದ್ದ? ಡೈರಿ ನಿಮ್ ತಾವೇ ಇತ್ತಲ್ಲ. ನಿಮ್ಗೇನಾರ ಗೊತ್ತಾ?"

"ಇಲ್ಲ. ಆ ದಿನ ಡೈರಿ ಖಾಲಿ ಇತ್ತು."

ಅವನು ತಲೆಯಾಡಿಸಿದ. ಎರಡು ವರ್ಷದಲ್ಲಿ ಈ ಪ್ರಶ್ನೆ ನನ್ನನ್ನು ಕೇಳಿದವನು ಅವನೊಬ್ಬನೇ. ಕೊಂದವನು ಯಾಕೆ ಕೊಂದ ಅಂತ ಎಲ್ಲರೂ ಕೇಳಿದ್ದರು. ಶಿವಮಲ್ಲಪ್ಪನವರಿಗೆ ಅವತ್ತು ಏನು ಬೇಕಿತ್ತು ಅಂತ ಯಾರೂ ಕೇಳಿರಲಿಲ್ಲ.

ಹೊರಡುವ ಮುಂಚೆ, ವಕೀಲೆಯಾಗಿ ಹೇಳಬೇಕಾದದ್ದನ್ನು ಹೇಳಿದೆ. ಪಾಲಿನ ದಾವೆ ಇನ್ನೂ ಇದೆ, ತಾಯಿಯ ಜಾಗಕ್ಕೆ ನಿನ್ನ ಹೆಸರು ಸೇರಿಸಬೇಕು, ಆ ಜಮೀನಿನಲ್ಲಿ ನಿನಗೆ ಹಕ್ಕಿದೆ ಎಂದೆ.

"ಬ್ಯಾಡ. ಗೌರಮ್ಮತ್ತೆಗೇ ಇರ್ಲಿ" ಎಂದ. "ಅವ್ವನೂ ಇಲ್ಲ, ಮಾವನೂ ಇಲ್ಲ. ನಾನ್ಯಾರ್ ಮೇಲೆ ಕೇಸ್ ನಡುಸ್ಲಿ? ನಾನ್ ವೋದ್ರೆ ಅತ್ತೆ ಬಾಗ್ಲಾಕತ್ತದೆ. ನೀವೇ ಯೋಳ್ಬುಡಿ, ನಾನು ಕೇಸು ಬುಟ್ಟೆ ಅಂತ. ಮಾವನ್ನ ನಾನ್ ಕೊಲ್ನಿಲ್ಲ ಅಂತಲೂ ಯೋಳಿ. ನೀವ್ ಯೋಳುದ್ರೆ ನಂಬುದ್ರೂ ನಂಬ್ಬೋದು."

ಗೌರಮ್ಮನವರ ಮನೆ ನಾಲ್ಕು ಮನೆಯಾಚೆ. ಅವರು ಅಂಗಳದಲ್ಲಿ ಹುರುಳಿ ಕೇರುತ್ತಿದ್ದರು. ಮಣೆ ಹಾಕಿ, ನೀರು ಕೊಟ್ಟು, ನನ್ನ ಮದುವೆಯ ವಿಚಾರ ಕೇಳಿದರು. ನಾನು ಅವನು ಹೇಳಿದ ಎರಡು ಮಾತನ್ನೂ ಹೇಳಿದೆ. ಈ ಸಲ ಒಂದು ಪದವನ್ನೂ ಬಿಡಲಿಲ್ಲ.

ಅವರು ಕೇರುವುದನ್ನು ನಿಲ್ಲಿಸಿ, ಮೊರ ತೊಡೆಯ ಮೇಲಿಟ್ಟುಕೊಂಡು, ಬಹಳ ಹೊತ್ತು ಯೋಚಿಸಿದರು. ನನಗೆ ಸಣ್ಣ ಆಸೆ ಹುಟ್ಟಿತು.

"ನೋಡ್ದಾ ಮತ್ತೆ" ಎಂದರು. "ತಪ್ಪು ಮಾಡ್ದಿದ್ರೆ ಯಾರವ್ವಾ ಜಮೀನ್ ಬುಟ್ಕೊಡ್ತಾರೆ?"

ನಾನು ಏನೇನೋ ಹೇಳಲು ಹೋದೆ. ಅವರು ಮತ್ತೆ ಹುರುಳಿ ಕೇರತೊಡಗಿದ್ದರು. ಎರಡು ದಿನದಲ್ಲಿ ಆ ಮಾತು ಹುಣಸೂರು ಕೋರ್ಟಿನ ಆವರಣಕ್ಕೂ ಬಂತು. ಕೆಲಸದ ಮೇಲೆ ಅಲ್ಲಿಗೆ ಹೋಗಿದ್ದೆ. ಟೀ ಅಂಗಡಿಯವನು ನನ್ನನ್ನು ಗುರುತು ಹಿಡಿದು, ಲೋಟ ಕೈಗೆ ಕೊಡುತ್ತಾ, "ಗೊತ್ತಾಯ್ತಾ ಮೇಡಂ? ಲೋಕೇಶ ಜಮೀನೇ ಬ್ಯಾಡ ಅಂದ್ನಂತೆ. ನೀವು ಅವತ್ತು ಯೋಳಿದ್ದೇ ಸರಿ ಬುಡಿ" ಎಂದ.